ತೋಳಿನ ಮೇಲಿನ ಮೊಹರು

ಮೇಲಿನ ಮಹಡಿಗೆ ಹೋಗುವ ಮೆಟ್ಟಿಲ ಕೆಳಗೆ ಉಳಿದಿದ್ದ ಜಾಗಕ್ಕೆ ಯಾರೋ ಒಂದು ಕದ ಕೂರಿಸಿ ಅಂಗಡಿ ಎಂದು ಕರೆದಿದ್ದರು. ಒಳಗೆ ಒಂದು ಹೊಲಿಗೆ ಯಂತ್ರ, ಕತ್ತರಿಸಲು ಒಂದು ಹಲಗೆ, ಗೋಡೆಯುದ್ದಕ್ಕೂ ಏಳು ಮೊಳೆ. ಮೆಟ್ಟಿಲು ಹತ್ತುವವರ ಹೆಜ್ಜೆ ತಲೆಯ ಮೇಲೆ ಧಡಧಡ ಎಂದರೆ ಕೆಳಗೆ ಪೆಡಲು ಕಟಕಟ ಎನ್ನುತ್ತಿತ್ತು. ಅಲ್ಲಿ ಕೂತು ಹೊಲಿಯುತ್ತಿದ್ದವಳಿಗೆ ತಂದೆತಾಯಿ ಇಟ್ಟ ಹೆಸರೊಂದು ಇತ್ತು, ಇಲ್ಲದೆ ಏನು? ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಅವಳು ಹೊಲಿಗೆಯಕ್ಕ.

ಅವಳ ಕಣ್ಣಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನೀವು ಬಾಗಿಲಲ್ಲಿ ಬಂದು ನಿಂತರೆ ಸಾಕು, ಯಂತ್ರ ನಿಲ್ಲಿಸದೆಯೇ ಒಮ್ಮೆ ತಲೆಯೆತ್ತಿ, “ಚೀಲ ಯಾವಾಗಲೂ ಎಡಗಡೆಗೇ ಹಾಕ್ತೀರಾ? ಆ ಭುಜ ಅರ್ಧ ಇಂಚು ಇಳಿದಿದೆ ನೋಡಿ” ಎನ್ನುತ್ತಿದ್ದಳು. ಟೇಪು ಹಿಡಿದರೆ ಅರ್ಧ ಇಂಚೇ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಟೇಪು ಹಿಡಿಯುತ್ತಿದ್ದದ್ದೂ ಗಿರಾಕಿಗಳ ಸಮಾಧಾನಕ್ಕೆ.

ಇಷ್ಟೆಲ್ಲ ಬಲ್ಲವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿಗಳನ್ನು ಟೇಪಿನಿಂದ ಕಲಿತಿದ್ದಳು, ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನಿಂದ. ಅಳತೆ ಪುಸ್ತಕದಲ್ಲಿ ಗಿರಾಕಿಗಳ ಹೆಸರಿನ ಬದಲು ಚಿತ್ರ ಬರೆದಿಡುತ್ತಿದ್ದಳು. ಕನ್ನಡಕ ಬರೆದಿದ್ದರೆ ಶಾಲೆಯ ಹೆಡ್ ಮೇಡಂ. ಸುತ್ತಿಗೆ ಬರೆದಿದ್ದರೆ ಬಡಗಿ. ಅಗಲವಾಗಿ ತೆರೆದ ಬಾಯಿ ಬರೆದಿದ್ದರೆ ಕೋರ್ಟಿನ ಕೂಗಣ್ಣ. ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ಅವನ ಕೆಲಸ. ಒಂದು ಸೊನ್ನೆ, ಅದರೊಳಗೆ ನಾಲ್ಕು ಚುಕ್ಕೆ ಇದ್ದರೆ ಅದು ಅವಳ ಮಗಳು. ಹುಟ್ಟಿದಾಗ ಅಂಗಿಯ ಗುಂಡಿಯ ಹಾಗೆ ದುಂಡಗಿದ್ದ ಕೂಸಿಗೆ ಗುಂಡಿ ಎಂದೇ ಹೆಸರು ನಿಂತಿತು.

ಗುಂಡಿಗೆ ಐದು ತಿಂಗಳಾಗಿದ್ದಾಗ ಅವಳ ಅಪ್ಪ ಲೋಡು ತೆಗೆದುಕೊಂಡು ಹೋದ. ಲಾರಿ ಡ್ರೈವರ್. ಲೋಡು ಇಳಿಯಿತು, ಲಾರಿ ಮಾಲೀಕನ ಮನೆಗೆ ವಾಪಸು ಬಂತು, ಅವನು ಮಾತ್ರ ಬರಲಿಲ್ಲ. ಬೇರೆ ಊರಿನಲ್ಲಿದ್ದ ತನ್ನ ತಾಯಿಯ ಮನೆಯಲ್ಲಿ ಉಳಿದುಬಿಟ್ಟ. ಇವತ್ತು ಬರ್ತೀನಿ, ನಾಳೆ ಬರ್ತೀನಿ ಎಂದು ಒಂದು ವರ್ಷ ತಳ್ಳಿದ. ಆಮೇಲೆ ಆ ಮಾತೂ ನಿಂತಿತು. ಹೊಲಿಗೆಯಕ್ಕ ಅಳುತ್ತ ಕೂರಲಿಲ್ಲ ಎಂದರೆ ಸುಳ್ಳಾದೀತು. ಅತ್ತಳು, ಆದರೆ ಪೆಡಲು ತುಳಿಯುತ್ತಲೇ ಅತ್ತಳು. ಮಗುವಿಗೆ ಉಳಿದ ತುಂಡು ಬಟ್ಟೆಗಳಲ್ಲೇ ಅಂಗಿ. ಬೆಳೆಯುವ ಮೈ, ಮೂರು ತಿಂಗಳಿಗೆ ತೋಳು ಗಿಡ್ಡವಾಗುತ್ತಿತ್ತು. ಅದಕ್ಕೇ ಪ್ರತಿ ತಿಂಗಳ ಮೊದಲ ದಿನ ಗುಂಡಿಯನ್ನು ಹಲಗೆಯ ಮೇಲೆ ನಿಲ್ಲಿಸಿ ಅಳತೆ ತೆಗೆದು, ಆ ದಿನ ಬಂದ ಗಿರಾಕಿಗಳ ಜೊತೆಗೇ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಸೊನ್ನೆ, ನಾಲ್ಕು ಚುಕ್ಕೆ, ಎದೆ ಇಷ್ಟು, ಉದ್ದ ಇಷ್ಟು.

ಗುಂಡಿಗೆ ಒಂಬತ್ತು ತುಂಬುತ್ತ ಬಂದಿದ್ದಾಗ ಆ ಕಾಗದ ಬಂತು.

ತಂದವನು ಅವಸರದಲ್ಲಿದ್ದ. ಹೊಲಿಗೆಯಕ್ಕನೂ ಅವಸರದಲ್ಲಿದ್ದಳು, ಸಂಜೆಯೊಳಗೆ ಮುಗಿಸಬೇಕಾದ ಶಾಲೆಯ ಅಂಗಿಗಳು ಹದಿನಾಲ್ಕು ಕೂತಿದ್ದವು. ಹೆಬ್ಬೆಟ್ಟು ಒತ್ತಿಸಿಕೊಂಡು, “ಯಾರ ಹತ್ರಾನಾದ್ರೂ ಓದಿಸ್ಕೊಳ್ಳಿ” ಎಂದು ಹೇಳಿ ಹೋದ. ನೀರಿನ ಕಾಗದ, ಮತದ ಕಾಗದ, ಯಾವುದೋ ಲೆಕ್ಕದ ಕಾಗದ, ಏನೇನೋ ಬರುತ್ತಲೇ ಇರುತ್ತವಲ್ಲ. ಇದೂ ಅಂಥದ್ದೇ ಎಂದುಕೊಂಡಳು. ಆದರೆ ಕಾಗದ ಮುಟ್ಟಿದಾಗ ಅವಳಿಗೆ ಆಸೆಯಾಯಿತು. ಎಂಥ ಕಾಗದ! ಉದ್ದನೆಯದು, ದಪ್ಪನೆಯದು, ಮಡಿಸಿದರೆ ಗೆರೆ ನಿಲ್ಲುವಂಥದ್ದು, ಹಿಂಬದಿ ಪೂರಾ ಖಾಲಿ. ಹನ್ನೆರಡು ಹಾಳೆ. ಹೊಲಿಯುವವರ ಕಷ್ಟ ಹೊಲಿಯುವವರಿಗೇ ಗೊತ್ತು. ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆಯಲು ಪ್ರತಿ ಗಿರಾಕಿಗೂ ಕಾಗದದ ಮಾದರಿ ಕತ್ತರಿಸಿಡಬೇಕು, ಪತ್ರಿಕೆಯ ಕಾಗದ ನಾಲ್ಕು ಸಲಕ್ಕೆ ಪುಡಿಯಾಗುತ್ತದೆ. ಆ ಹನ್ನೆರಡು ಹಾಳೆಯಲ್ಲಿ ಹೆಡ್ ಮೇಡಂ ಕೋಟಿನ ಎರಡು ತೋಳು, ಬಡಗಿಯ ಅಂಗಿಯ ಬೆನ್ನು, ಇನ್ನಾರದೋ ಕಾಲರು ಎದ್ದುಬಂದು ಮೊಳೆಗಳ ಮೇಲೆ ತೂಗಿದವು.

ಒಂದೂವರೆ ತಿಂಗಳ ಮೇಲೆ ಕೂಗಣ್ಣ ಒಂದು ಪ್ಯಾಂಟು ಕಂಕುಳಲ್ಲಿಟ್ಟುಕೊಂಡು ಬಂದ.

“ಅಕ್ಕಾ, ಸೊಂಟ ಸ್ವಲ್ಪ ಬಿಡಿಸಿಕೊಡಿ. ಒಗೆದು ಒಗೆದು ಬಟ್ಟೆ ಕುಗ್ಗಿಬಿಟ್ಟಿದೆ.”

“ಬಟ್ಟೆ ಕುಗ್ಗಿದ್ದೋ, ನೀವು ಹಿಗ್ಗಿದ್ದೋ?”

“ನಿಮ್ಮ ಹತ್ರ ಸುಳ್ಳು ಹೇಳೋಕಾಗುತ್ತಾ!” ಎಂದು ನಗುತ್ತ ಅವನು ಗೋಡೆಯ ಕಡೆ ತಿರುಗಿದ. ನಗು ಅಲ್ಲೇ ನಿಂತಿತು. “ಇದೇನಕ್ಕಾ, ಈ ತೋಳಿನ ಮೇಲೆ ನಮ್ಮ ಕೋರ್ಟಿನ ಮೊಹರು?”

“ಅದಾ? ಅದು ಹೆಡ್ ಮೇಡಂದು.”

“ತೋಳು ಅವರದ್ದಿರಬಹುದು. ಮೊಹರು ನಮ್ಮದು.”

ಅವನು ಒಂದೊಂದೇ ಮಾದರಿ ಇಳಿಸಿ ಹಲಗೆಯ ಮೇಲೆ ಬೆಲೆಬಾಳುವ ಬಟ್ಟೆ ಹಾಸಿದಂತೆ ಹಾಸಿದ. ತೋಳಿನ ಮೇಲೆ ಅರ್ಜಿದಾರನ ಹೆಸರು. ಕಾಲರಿನ ಮೇಲೆ ‘ವಿವಾಹ ವಿಚ್ಛೇದನ’. ಬಡಗಿಯ ಬೆನ್ನಿನ ಮೇಲೆ ಉದ್ದಕ್ಕೂ ‘ಅಪ್ರಾಪ್ತ ಮಗಳನ್ನು ಅರ್ಜಿದಾರರ ವಶಕ್ಕೆ ಒಪ್ಪಿಸಬೇಕಾಗಿ’. ಹಾಜರಾಗಬೇಕಾದ ತಾರೀಕು ಇದ್ದ ಮೂಲೆ ಕಂಕುಳ ತಿರುವಿನಲ್ಲಿ ಕತ್ತರಿಸಿ ಎಂದೋ ಕಸಕ್ಕೆ ಹೋಗಿತ್ತು. ಕೊನೆಗೆ ಒಂದು ಹೆಸರು ಓದಿ, “ಇದು ಯಾರು?” ಎಂದ.

“ನಾನೇ.”

ಕೂಗಣ್ಣ ಹಲಗೆಯ ಅಂಚಿಗೆ ಕೂತುಬಿಟ್ಟ. “ಈ ಹೆಸರನ್ನ ನಾನು ಕೂಗಿದೀನಿ ಅಕ್ಕಾ. ಹದಿನೈದು ದಿನ ಆಯ್ತು. ಮೂರು ಸಲ. ಕಾರಿಡಾರಿನ ಆ ತುದಿಗೂ ಕೇಳೋ ಹಾಗೆ. ಅದು ನೀವು ಅಂತ ನನಗೇನು ಗೊತ್ತು?”

“ನನಗೆ ಕೇಳಿಸಲಿಲ್ಲ ಅಣ್ಣಾ,” ಎಂದಳು ಹೊಲಿಗೆಯಕ್ಕ, ತಪ್ಪು ತನ್ನ ಕಿವಿಯದ್ದೇ ಎಂಬಂತೆ.

ಕರೆದಾಗ ಬರದೆ ಹೋದರೆ ಏಕಪಕ್ಷೀಯ ಎಂದು ಬರೆದುಕೊಳ್ಳುತ್ತಾರೆ, ಬಂದವರ ಮಾತನ್ನಷ್ಟೇ ಕೇಳಿ ತೀರ್ಪು ಕೊಡುತ್ತಾರೆ, ಮುಂದಿನ ತಾರೀಕಿಗೆ ಒಂಬತ್ತೇ ದಿನ ಇದೆ ಎಂದು ಅವನು ಬಿಡಿಸಿ ಹೇಳಿದ. ಅವಳು ಕೇಳಿದ್ದು ಒಂದೇ ಮಾತು. “ಗುಂಡಿನ ಕರ್ಕೊಂಡು ಹೋಗ್ತಾರಾ?”

“ಸುಮ್ಮನೆ ಕೂತ್ರೆ ಹೋಗಬಹುದು. ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಈ ತೋಳು, ಬೆನ್ನು ಎಲ್ಲ ತನ್ನಿ. ಕೆಳಗಡೆ ಎಡಕ್ಕೆ ಒಂದು ಕೋಣೆ ಇದೆ.”

ಕೋರ್ಟಿನ ಕಂಬಗಳನ್ನು ನೋಡಿ ಹೊಲಿಗೆಯಕ್ಕ ತುಸುಹೊತ್ತು ಅಲ್ಲೇ ನಿಂತಳಂತೆ. ಬುಡ ದಪ್ಪ, ಮೇಲೆ ಹೋಗುತ್ತ ಸಣ್ಣ, ಆದರೆ ಕೆಳಗೆ ನಿಂತು ನೋಡುವ ಕಣ್ಣಿಗೆ ಒಂದೇ ಸಮ ಕಾಣುವ ಹಾಗೆ ಕಡೆದಿದ್ದರು. ಇಷ್ಟು ದೊಡ್ಡದನ್ನೂ ಅಳತೆ ತೆಗೆದೇ ಕಟ್ಟಿದ್ದಾರಲ್ಲ ಎಂದು ಬೆರಗಾದಳು. ಅದಕ್ಕಿಂತ ದೊಡ್ಡ ಬೆರಗು ಒಳಗೆ ಕಾದಿತ್ತು. ‘ಉಚಿತ ಕಾನೂನು ನೆರವು’ ಎಂಬ ಫಲಕ, ಅದರ ಕೆಳಗೆ ಯಾವಾಗಲೂ ತೆರೆದೇ ಇರುವ ಬಾಗಿಲು. ದಿನಾ ಇದೇ ರಸ್ತೆಯಲ್ಲಿ ನೂಲು ತರಲು ಹೋಗುತ್ತಿದ್ದವಳಿಗೆ ಹೀಗೊಂದು ಬಾಗಿಲು ಇದೆಯೆಂದೇ ಗೊತ್ತಿರಲಿಲ್ಲ.

ಒಳಗಿದ್ದ ಲಾಯರಮ್ಮನಿಗೆ ಮೂವತ್ತು ದಾಟಿರಲಿಲ್ಲ. ಕಪ್ಪು ಕೋಟಿನ ಒಳಪದರ ಬಲತೋಳಿನಲ್ಲಿ ಹರಿದಿದೆ ಎಂಬುದು ಹೊಲಿಗೆಯಕ್ಕನಿಗೆ ನಮಸ್ಕಾರಕ್ಕಿಂತ ಮೊದಲೇ ಕಂಡಿತು.

“ಮೇಡಂ, ಫೀಸು ಎಷ್ಟು ಅಂತ ಮೊದಲೇ ಹೇಳಿಬಿಡಿ.”

“ಈ ಕೋಣೆಯಲ್ಲಿ ಫೀಸಿಲ್ಲ ಅಕ್ಕ. ಹೆಂಗಸರಿಗೆ, ಮಕ್ಕಳಿಗೆ, ಕೈಯಲ್ಲಿ ಆಗದವರಿಗೆ ಸರ್ಕಾರವೇ ಲಾಯರ್ ಕೊಡುತ್ತೆ. ಕೂತ್ಕೊಳ್ಳಿ. ಕಾಗದ ಎಲ್ಲಿ?”

ಹೊಲಿಗೆಯಕ್ಕ ಚೀಲದಿಂದ ತೋಳು ತೆಗೆದಿಟ್ಟಳು. ಇನ್ನೊಂದು ತೋಳು. ಬೆನ್ನು. ಕಾಲರು. ಲಾಯರಮ್ಮ ಒಮ್ಮೆ ಕಾಗದ ನೋಡಿದರು, ಒಮ್ಮೆ ಅವಳ ಮುಖ ನೋಡಿದರು. ನಗಬೇಕೋ ಬೇಡವೋ ಎಂದು ಯೋಚಿಸಿ, ನಗದೆ, ಅಂಟುಪಟ್ಟಿ ತೆಗೆದುಕೊಂಡು ಇಡೀ ಅರ್ಜಿಯನ್ನು ಜೋಡಿಸಲು ಕೂತರು. ಓದಿ ಮುಗಿಸಿದಾಗ ಅವರ ಮುಖ ಗಟ್ಟಿಯಾಗಿತ್ತು. ಮಗು ಆರು ವರ್ಷದವರೆಗೆ ತನ್ನ ಮತ್ತು ತನ್ನ ತಾಯಿಯ ಬಳಿಯೇ ಬೆಳೆಯಿತು, ಆಮೇಲೆ ಹೆಂಡತಿ ಜಗಳವಾಡಿ ಮಗುವನ್ನು ಎತ್ತಿಕೊಂಡು ಹೋದಳು ಎಂದು ಡ್ರೈವರ್ ಬರೆಸಿದ್ದ.

“ಎತ್ತಿಕೊಂಡು ಹೋದೆನಾ!” ಎಂದಳು ಹೊಲಿಗೆಯಕ್ಕ. ಆಮೇಲೆ ಮೆಲ್ಲಗೆ, “ಡೈವೋರ್ಸ್ ಕೊಟ್ಟುಬಿಟ್ರೆ ಮಗು ಅವರ ಪಾಲಿಗೆ ಹೋಗುತ್ತೆ ಅಲ್ವಾ ಮೇಡಂ? ಅದಕ್ಕೇ ನಾನು ಈ ಕಡೆ ತಲೆ ಹಾಕಿರಲಿಲ್ಲ.”

“ಯಾರು ಹೇಳಿದ್ದು? ಕೇಳಿ ಇಲ್ಲಿ. ಇದರಲ್ಲಿ ಮೂರು ಪ್ರಶ್ನೆ ಇದೆ. ಈ ಮದುವೆ ಇರಬೇಕಾ ಬೇಡವಾ. ಮಗು ಯಾರ ಹತ್ರ ಇರಬೇಕು. ಅದರ ಖರ್ಚು ಯಾರು ನೋಡಬೇಕು. ಮೊದಲನೇದಕ್ಕೆ ಹೂಂ ಅಂದ್ರೆ ಉಳಿದ ಎರಡಕ್ಕೂ ಹೂಂ ಅಂದ ಹಾಗಲ್ಲ. ಮಗುವಿಗೆ ಯಾವುದು ಒಳ್ಳೇದು ಅಂತ ಜಡ್ಜು ಬೇರೆಯಾಗೇ ನೋಡ್ತಾರೆ.”

ಹೊಲಿಗೆಯಕ್ಕ ಮೇಜಿನ ಮೇಲಿದ್ದ ತುಂಡುಗಳನ್ನೇ ನೋಡುತ್ತಿದ್ದಳು. “ಅಂದ್ರೆ, ಬೆನ್ನು ಕೆಟ್ಟುಹೋಯ್ತು ಅಂತ ತೋಳು ಬಿಸಾಡಬೇಕಾಗಿಲ್ಲ.”

ಲಾಯರಮ್ಮ ಪೆನ್ನು ಕೆಳಗಿಟ್ಟರು. ತಾವು ವರ್ಷಗಟ್ಟಲೆ ಓದಿದ್ದನ್ನು ಇವಳು ಒಂದು ಉಸಿರಿನಲ್ಲಿ ಹೇಳಿಬಿಟ್ಟಿದ್ದಳು. “ಈಗ ನೀವು ಹೇಳಿ. ನಿಮಗೆ ಈ ಮದುವೆ ಬೇಕಾ?”

ಒಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಅಯ್ಯೋ ಪಾಪ ಎಂದಿದ್ದರು, ಸಹಿಸಿಕೋ ಎಂದಿದ್ದರು, ಬಂದೇ ಬರ್ತಾನೆ ಎಂದಿದ್ದರು. ಹೊರಗೆ ಯಾರದೋ ಹೆಸರು ಕೂಗಿದ್ದು ಕೇಳಿಸಿತು. “ನನಗೆ ಗುಂಡಿ ಬೇಕು.”

“ಅದು ಎರಡನೇ ಪ್ರಶ್ನೆ.”

“ಮೊದಲನೇದು ಎಂದೋ ಬಿಚ್ಚಿಹೋಗಿದೆ ಮೇಡಂ. ಯಾರೂ ನೋಡಿರಲಿಲ್ಲ, ಅಷ್ಟೇ.”

ಒಂಬತ್ತನೆಯ ದಿನ ಅವಳು ಮೊದಲ ಸಲ ಜಡ್ಜಮ್ಮನ ಮುಂದೆ ನಿಂತಳು. ಏಕಪಕ್ಷೀಯ ಆದೇಶ ರದ್ದು ಮಾಡಬೇಕೆಂದು ಲಾಯರಮ್ಮ ಕೇಳಿಕೊಂಡರು. ಸಮನ್ಸು ತಲುಪಿದೆ, ಹೆಬ್ಬೆಟ್ಟು ಇದೆ, ಬೇಕೆಂದೇ ಬರಲಿಲ್ಲ ಎಂದು ಡ್ರೈವರ್ ಕಡೆಯ ವಕೀಲರು ಎದ್ದರು. ಲಾಯರಮ್ಮ ಅಂಟಿಸಿದ ಕಾಗದಗಳನ್ನು ಮುಂದೆ ಹಿಡಿದರು. ಜಡ್ಜಮ್ಮ ಕನ್ನಡಕ ಸರಿಮಾಡಿಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

“ಏನಮ್ಮಾ ಇದು? ಕೋರ್ಟಿನ ಸಮನ್ಸಿನ ಆಕಾರ ಹೀಗ್ಯಾಕಿದೆ?”

“ತೋಳು ಮೇಡಂ. ಒಳ್ಳೆ ಕಾಗದ ಅಂತ ಕತ್ತರಿಸಿ ಅಂಗಡಿ ಗೋಡೆಗೆ ತೂಗುಹಾಕಿಬಿಟ್ಟೆ. ನನಗೆ ಓದು ಬರಲ್ಲ. ತಪ್ಪಾಯ್ತು.”

ಕೋರ್ಟಿನಲ್ಲಿ ನಗು ಎದ್ದಿತು. ಜಡ್ಜಮ್ಮ ತಲೆ ಎತ್ತಿದ ಕೂಡಲೇ ಅಡಗಿತು. “ಬಚ್ಚಿಡುವವರು ಗೋಡೆಗೆ ತೂಗುಹಾಕುವುದಿಲ್ಲ,” ಎಂದು ಹೇಳಿ, ಆದೇಶ ರದ್ದು ಮಾಡಿ, ಇವಳ ಮಾತನ್ನೂ ಕೇಳಲು ತಾರೀಕು ಕೊಟ್ಟರು. ಅಷ್ಟು ಎತ್ತರದಲ್ಲಿ ಕೂತವರು ತನ್ನ ಮಾತು ಕೇಳಲೆಂದೇ ಒಂದು ದಿನ ಎತ್ತಿಟ್ಟರಲ್ಲ ಎಂದು ಹೊಲಿಗೆಯಕ್ಕ ಮನೆ ಮುಟ್ಟುವವರೆಗೂ ಹೇಳಿಕೊಂಡಳು.

ಆದರೆ ದೊಡ್ಡ ಗಂಟು ಹಾಗೇ ಇತ್ತು. ಶಾಲೆಯ ದಾಖಲೆ ಗುಂಡಿಗೆ ಆರಾದ ಮೇಲಿನದ್ದು. ಜನನ ಪತ್ರದಲ್ಲಿದ್ದ ವಿಳಾಸ ಡ್ರೈವರಿನ ತಾಯಿಯ ಮನೆಯದು. “ಅದಕ್ಕೆ ಮೊದಲು ಮಗು ನಿಮ್ಮ ಹತ್ರಾನೇ ಇತ್ತು ಅನ್ನೋಕೆ ಏನಾದ್ರೂ ಬರಹ ಇದೆಯಾ ಅಕ್ಕ?” ಎಂದು ಲಾಯರಮ್ಮ ಕೇಳಿದರು.

“ಬರಹನಾ? ಬರೆಯೋಕೇ ಬರಲ್ವಲ್ಲ ಮೇಡಂ.”

ಸುಮ್ಮನೆ ಕೂರಲು ಬಾರದ ಹೊಲಿಗೆಯಕ್ಕ, “ಆ ಕೋಟು ಕೊಡಿ, ಒಳಪದರ ಹಾಕಿಕೊಡ್ತೀನಿ. ಅಳತೆ ಬರ್ಕೊಂಡುಬಿಡ್ತೀನಿ,” ಎಂದು ಚೀಲದಿಂದ ಪುಸ್ತಕ ತೆಗೆದಳು. ಒಂದು ಕೊಂಬಿನ ಚಿತ್ರ ಬರೆದಳು.

“ಇದೇನು, ಕೊಂಬು?”

“ಕೂದಲು ಹಾಗೆ ಎದ್ದಿದೆಯಲ್ಲ ಮೇಡಂ, ಬೇಜಾರು ಮಾಡ್ಕೋಬೇಡಿ.”

ಲಾಯರಮ್ಮ ನಗುತ್ತ ಪುಸ್ತಕ ಎಳೆದುಕೊಂಡು ಪುಟ ತಿರುಗಿಸಿದರು. ನಗು ನಿಧಾನಕ್ಕೆ ಇಳಿಯಿತು. “ಈ ಸೊನ್ನೆ, ನಾಲ್ಕು ಚುಕ್ಕೆ ಯಾರು? ಎಲ್ಲ ಕಡೆ ಇದೆ. ಪ್ರತಿ ತಿಂಗಳು ಒಂದನೇ ತಾರೀಕು.”

“ಗುಂಡಿ.”

“ಇಂಥವು ಎಷ್ಟು ಪುಸ್ತಕ ಇವೆ?”

“ಐದು.”

ಲಾಯರಮ್ಮ ಎದ್ದು ನಿಂತೇಬಿಟ್ಟರು. “ಅಕ್ಕಾ, ಬರೆಯೋಕೆ ಬರಲ್ಲ ಅಂದ್ರಲ್ಲ!”

ಎಣಿಸಿದರೆ ನೂರಾ ಎರಡು ಸಲ. ಒಂದು ತಿಂಗಳೂ ತಪ್ಪಿರಲಿಲ್ಲ. ಜ್ವರ ಬಂದ ತಿಂಗಳು ಎದೆಯ ಸುತ್ತಳತೆ ಕಾಲು ಇಂಚು ಇಳಿದಿತ್ತು. ಮುಂದಿನ ತಿಂಗಳು ಮತ್ತೆ ತುಂಬಿಕೊಂಡಿತ್ತು. ಒಂದು ಮಗು ಬೆಳೆದದ್ದನ್ನು ಇಷ್ಟು ಹತ್ತಿರದಿಂದ ನೋಡಿದ ದಾಖಲೆ ಆ ಕೋರ್ಟಿನ ಯಾವ ಕಪಾಟಿನಲ್ಲೂ ಇದ್ದಿರಲಾರದು.

ತಾರೀಕಿನ ದಿನ ಎದುರು ವಕೀಲರು ಪುಸ್ತಕಗಳನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, “ನಿನ್ನೆ ಕೂತು ಬರೆದದ್ದು” ಎಂದರು.

“ಮಗುವಿನ ಅಳತೆಯ ಹಿಂದೆ ಮುಂದೆ ಬೇರೆ ಗಿರಾಕಿಗಳ ಅಳತೆಗಳಿವೆ, ತಾರೀಕಿನ ಸಮೇತ,” ಎಂದರು ಲಾಯರಮ್ಮ. “ಇಡೀ ಊರಿನದ್ದನ್ನು ನಿನ್ನೆ ಬರೆಯಲಾಗುತ್ತದೆಯೇ? ಆರು ವರ್ಷದ ಹಿಂದಿನ ಈ ಪುಟ ನೋಡಬೇಕು. ಗುಂಡಿಯ ಸೊನ್ನೆ, ಅದರ ಕೆಳಗೇ ತೆರೆದ ಬಾಯಿ. ಅವರು ಈ ಕೋಣೆಯಲ್ಲೇ ಇದ್ದಾರೆ.”

ಎಲ್ಲರ ಕಣ್ಣೂ ಬಾಗಿಲಿಗೆ ಹೋಯಿತು. ಬಾಗಿಲಲ್ಲಿ ಕೂಗಣ್ಣ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದ.

“ಇದು ನಿಮ್ಮದೇನ್ರಿ?” ಜಡ್ಜಮ್ಮ ಕೇಳಿದರು. “ಸೊಂಟ ಮೂವತ್ತನಾಲ್ಕು ಅಂತಿದೆ.”

“ಆಗ ಇತ್ತು ಮೇಡಂ,” ಎಂದ ಕೂಗಣ್ಣ, ಸೊಂಟದ ಮೇಲೆ ಕೈ ಅಡ್ಡ ಹಿಡಿದು. “ಕೆಲಸಕ್ಕೆ ಸೇರಿದ ವಾರ ಹೊಲಿಸಿದ ಸಮವಸ್ತ್ರ. ಇವರು ಅಳತೆ ತಗೋತಾ ಇದ್ದಾಗ ಒಂದು ಮಗು ಕೆಳಗೆ ಕೂತು ನನ್ನ ಬೂಟಿನ ಲೇಸು ಎರಡನ್ನೂ ಒಂದಕ್ಕೊಂದು ಕಟ್ಟಿಹಾಕಿತ್ತು. ಹೆಜ್ಜೆ ಇಟ್ಟವನು ಮೊಣಕಾಲ ಮೇಲೆ ಬಿದ್ದೆ. ಮರೆಯೋ ಹಾಗಿಲ್ಲ.”

ಜಡ್ಜಮ್ಮ ನಗಲಿಲ್ಲ. ಪುಸ್ತಕದ ಪುಟಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದರು. ಐದನೆಯ ಪುಸ್ತಕ ಮುಚ್ಚಿ, ಗುಂಡಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡು, ಬೇರೆ ಯಾರನ್ನೂ ಒಳಗೆ ಬಿಡದೆ ಅರ್ಧ ಗಂಟೆ ಮಾತಾಡಿದರು. ಹೊರಗೆ ಬೆಂಚಿನ ಮೇಲೆ ಹೊಲಿಗೆಯಕ್ಕನ ಕಾಲು ಇಲ್ಲದ ಪೆಡಲನ್ನು ತುಳಿಯುತ್ತಲೇ ಇತ್ತು. ಹೊರಬಂದ ಗುಂಡಿ ಹೇಳಿದ್ದು ಇಷ್ಟೇ: “ಜಡ್ಜಮ್ಮನ ಕುರ್ಚಿ ಸುತ್ತಲೂ ತಿರುಗುತ್ತೆ ಅಮ್ಮಾ. ನನ್ನನ್ನ ಕೂರಿಸಿದ್ರು.” ಒಳಗೆ ಏನು ಕೇಳಿದರು, ಏನು ಹೇಳಿದಳು ಎಂಬುದು ಇಂದಿಗೂ ಅವರಿಬ್ಬರಿಗೇ ಗೊತ್ತು.

ಆಮೇಲೆ ಗಂಡ ಹೆಂಡತಿಯನ್ನು ಸಂಧಾನದ ಕೋಣೆಗೆ ಕಳಿಸಿದರು. ದುಂಡು ಮೇಜು, ನಾಲ್ಕು ಕುರ್ಚಿ. ಇವಳ ಕಡೆಯಿಂದ ಲಾಯರಮ್ಮ, ನಡುವೆ ಸಂಧಾನ ಮಾಡಿಸುವ ಹಿರಿಯರೊಬ್ಬರು. ಡ್ರೈವರ್ ಬಂದು ಎದುರಿಗೆ ಕೂತ. ಅವನ ಮುಖ ನೋಡಬಾರದೆಂದುಕೊಂಡಿದ್ದ ಹೊಲಿಗೆಯಕ್ಕನ ಕಣ್ಣು ಅಭ್ಯಾಸದಂತೆ ಭುಜಕ್ಕೆ ಹೋಯಿತು. ಎರಡೂ ಇಳಿದಿದ್ದವು, ಒಂದೊಂದು ಇಂಚು.

ಐದು ಪುಸ್ತಕಗಳಲ್ಲಿ ಮೊದಲನೆಯದು ಮೇಜಿನ ಮೇಲಿತ್ತು. ಅವನು ಅದನ್ನು ತೆರೆದ. ಮೊದಲ ಪುಟದಲ್ಲೇ ಸ್ಟೇರಿಂಗಿನ ಚಿತ್ರ, ಅವನ ಅಂಗಿಯ ಅಳತೆ, ಒಂದು ತಾರೀಕು. ಅದರ ಕೆಳಗಿನ ಸಾಲಿನಿಂದ ಸೊನ್ನೆಗಳು ಶುರುವಾಗಿದ್ದವು. ಎದೆ ಹದಿನಾರೂವರೆ. ಹದಿನೇಳು. ಹದಿನೇಳೂಕಾಲು. ಅವನು ಬೆರಳಿಟ್ಟುಕೊಂಡು ಓದುತ್ತ ಹೋದ. ಬೆರಳು ಒಂದು ಕಡೆ ನಿಂತಿತು.

“ಇಲ್ಲಿ ಯಾಕೆ ಕಡಿಮೆ ಆಗಿದೆ?”

“ಜ್ವರ. ಹನ್ನೊಂದು ದಿನ.”

“ನನಗೆ ಹೇಳಲಿಲ್ಲ.”

“ಕೇಳೋಕೆ ಯಾವತ್ತು ಬಂದ್ರಿ?” ಎಂದಳು ಹೊಲಿಗೆಯಕ್ಕ. ದನಿ ಏರಲಿಲ್ಲ.

ಅವನು ಮತ್ತೆ ತಲೆ ತಗ್ಗಿಸಿ ಕೊನೆಯ ಪುಟದವರೆಗೂ ಬಂದ. ಪುಸ್ತಕ ಮುಚ್ಚಿ ಅದರ ಮೇಲೆ ಅಂಗೈ ಇಟ್ಟ. “ಹಾಗೆ ಬರೆಸು ಅಂತ ನಮ್ಮಮ್ಮ ಹೇಳಿದ್ಲು. ಬರೆಸಿದೆ. ಮಗು ನಿನ್ನ ಹತ್ರಾನೇ ಇರಲಿ. ನಾನು ಆಗಾಗ ಬಂದು ನೋಡಬಹುದಾ?”

ಲಾಯರಮ್ಮ ಬಾಯಿ ತೆರೆಯುವ ಮೊದಲೇ ಹೊಲಿಗೆಯಕ್ಕ ಹೇಳಿದಳು, “ಅವಳಿಗೆ ಅಪ್ಪ ಅನ್ನೋ ತೋಳು ಯಾಕೆ ಕತ್ತರಿಸಲಿ? ಭಾನುವಾರ ಬನ್ನಿ. ಹೇಳಿದ ದಿನ ಮಾತ್ರ ತಪ್ಪಿಸಬೇಡಿ, ಅವಳು ಬಾಗಿಲಲ್ಲೇ ನಿಂತಿರ್ತಾಳೆ.”

ಹಳೆಯ ಅರ್ಜಿ ಹಿಂದಕ್ಕೆ ಹೋಯಿತು. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಹೊಸದೊಂದು ಅರ್ಜಿ ಹಾಕಿದರು. ಮಗು ತಾಯಿಯ ಬಳಿ, ತಿಂಗಳಿಗೆ ಎರಡು ಭಾನುವಾರ ತಂದೆಯ ಭೇಟಿ, ಶಾಲೆಯ ಖರ್ಚು ತಂದೆಯದು. ಹಾಕಿದ ಕೂಡಲೇ ಮುಗಿಯುವುದಿಲ್ಲ, ಇನ್ನೊಮ್ಮೆ ಯೋಚಿಸಿ ಎಂದು ಕಾನೂನೇ ಆರು ತಿಂಗಳು ಕೊಡುತ್ತದೆ ಎಂದು ಲಾಯರಮ್ಮ ಹೇಳಿದಾಗ ಹೊಲಿಗೆಯಕ್ಕ, “ಪರವಾಗಿಲ್ಲ ಮೇಡಂ, ನಾನೂ ಕತ್ತರಿ ಹಾಕೋ ಮೊದಲು ಎರಡು ಸಲ ಅಳೀತೀನಿ,” ಎಂದಳು.

ಆರು ತಿಂಗಳು ಕಳೆದು ಕೊನೆಯ ತಾರೀಕು ಬಂತು. ಸೊಂಟ ನಲವತ್ತೊಂದರ ಹೊಸ ಪ್ಯಾಂಟು ತೊಟ್ಟ ಕೂಗಣ್ಣ ಬಾಗಿಲಿಗೆ ಬಂದು ಎದೆ ತುಂಬ ಉಸಿರೆಳೆದುಕೊಂಡು ಅವಳ ಹೆಸರು ಕೂಗಿದ. ಹೊಲಿಗೆಯಕ್ಕ ಅಲ್ಲ, ತಂದೆತಾಯಿ ಇಟ್ಟ ಹೆಸರು, ಪೂರ್ತಿ. ಅವಳ ತಾಯಿ ತೀರಿಕೊಂಡ ಮೇಲೆ ಆ ಹೆಸರು ಗಾಳಿಯಲ್ಲಿ ಸುಳಿದಿರಲಿಲ್ಲ. ಈಗ ಕಾರಿಡಾರಿನ ಆ ತುದಿಯವರೆಗೆ ಹೋಗಿ, ಕಂಬಗಳನ್ನೆಲ್ಲ ಮುಟ್ಟಿ ವಾಪಸು ಬರುತ್ತಿತ್ತು. ಅದು ಬಂದು ಮುಟ್ಟುವ ಮೊದಲೇ ಅವಳು ಎದ್ದು ನಿಂತಿದ್ದಳು.

“ಬಂದೆ ಅಣ್ಣಾ.”

ಎರಡನೆಯ ಕೂಗು ಬೇಕಾಗಲಿಲ್ಲ.

ಕೆಲವು ದಿನಗಳ ಮೇಲೆ ತೀರ್ಪಿನ ನಕಲು ಕೈಗೆ ಬಂತು. ಉದ್ದನೆಯದು, ದಪ್ಪನೆಯದು, ಮಡಿಸಿದರೆ ಗೆರೆ ನಿಲ್ಲುವಂಥದ್ದು. “ಅಕ್ಕಾ, ಇದನ್ನಾದ್ರೂ...” ಎಂದು ಕೂಗಣ್ಣ ಶುರುಮಾಡುವಷ್ಟರಲ್ಲಿ ಅವಳು ಚೀಲದಿಂದ ಒಂದು ಬಟ್ಟೆಯ ಲಕೋಟೆ ತೆಗೆದಳು. ಆರು ತಿಂಗಳ ಹಿಂದೆಯೇ, ಯಾವ ಕಾಗದವನ್ನೂ ಎದುರಿಗಿಟ್ಟುಕೊಳ್ಳದೆ ಕಣ್ಣಂದಾಜಿನಲ್ಲಿ ಹೊಲಿದಿಟ್ಟದ್ದು. ನಕಲು ಅದರೊಳಗೆ ಸರಕ್ಕನೆ ಜಾರಿ ಕೂತಿತು. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಬಾಯಿಗೆ ನಾಲ್ಕು ತೂತಿನ ಗುಂಡಿ ಇತ್ತು. ಅದನ್ನು ಹಾಕುವ ಕೆಲಸ ತನ್ನದೆಂದು ಮಗಳು ಮೊದಲೇ ಹೇಳಿಟ್ಟಿದ್ದಳು. ಹಾಕಿದಳು.